ಕಟ್ಟುಕೊಡಿಗೆಯಿಂದ ಒಡಂಬಡಿಕೆಯವರೆಗೆ: ಕೆರೆಗಳ ಪಾಲನೆಯಲ್ಲಿ ಸ್ವಯಂಪ್ರೇರಿತ ಸಹಭಾಗಿತ್ವದ ಇತಿಹಾಸ

೧. ಪ್ರಸ್ತಾವನೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಕೆಂಗೇರಿಯ ಉತ್ತರಕ್ಕೆ, ಮಲ್ಲತ್ತಹಳ್ಳಿ ಮತ್ತು ಜ್ಞಾನಭಾರತಿಗಳಿಗೆ ಸಮೀಪದಲ್ಲಿ ಉಲ್ಲಾಳವೆಂಬ ಊರಿದೆ. ರಾಣಿ ಅಬ್ಬಕ್ಕನ ಹೆಸರಿನೊಡನೆ ಪ್ರಸಿದ್ಧವಾಗಿರುವ ಕರಾವಳಿಯ ಉಳ್ಳಾಲವು ಬೇರೆ. ಹೆಸರುಗಳ ಸಾಮ್ಯದಿಂದ ವಾಚಕರು ಭ್ರಮೆಗೊಳ್ಳಬಾರದು. ಬಯಲುಸೀಮೆಯ ನೂರಾರು ಊರುಗಳಂತೆ ಇದೂ ಒಂದು ಬೇಸಾಯದ ಊರಾಗಿತ್ತು. ನಗರವು ಪಶ್ಚಿಮದತ್ತ ಬೆಳೆಯುತ್ತ ಬಂದು ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯೇ ಮೊದಲಾದ ವಸತಿಪ್ರದೇಶಗಳು ಇದರ ಸುತ್ತ ನಿರ್ಮಾಣವಾದವು. ಊರಿನ ಕೆರೆಯೇನೋ ಉಳಿದುಕೊಂಡಿದೆ; ಆದರೆ ಅಂಥ ಕೆರೆಯ ತೂಬಿನಿಂದ ನೀರುಂಡು ಬೆಳೆಯುತ್ತಿದ್ದ ಗದ್ದೆಗಳ ನೆಲದಲ್ಲಿ ಈಗ ಮನೆಗಳು ನಿಂತಿವೆ. ಅಚ್ಚುಕಟ್ಟು ಇಲ್ಲದ ಕೆರೆಯ ಯೋಗಕ್ಷೇಮವನ್ನು ಯಾರು ನೋಡಿಕೊಳ್ಳಬೇಕು? ಸರ್ಕಾರವೇ, ನೆರೆಹೊರೆಯ ನಿವಾಸಿಗಳೇ, ಹಣವುಳ್ಳ ಉದ್ಯಮಗಳೇ, ಅಥವಾ ಇವರೆಲ್ಲರೂ ಕೂಡಿಯೇ? ಈ ಪ್ರಶ್ನೆಯು ಉಲ್ಲಾಳ ಒಂದಕ್ಕೇ ಸೇರಿದ್ದಲ್ಲ.

ಇದೇ ಪ್ರಶ್ನೆಯನ್ನು ಜಗತ್ತಿನ ರಾಷ್ಟ್ರಗಳೆಲ್ಲವೂ ಬೇರೊಂದು ಭಾಷೆಯಲ್ಲಿ ೨೦೦೨ರಲ್ಲಿ ಜೋಹಾನ್ಸ್‌ಬರ್ಗ್ ನಗರದಲ್ಲಿ ಚರ್ಚಿಸಿದವು. ಸರ್ಕಾರಗಳೂ ಖಾಸಗಿ ಸಂಸ್ಥೆಗಳೂ ಜನಸಂಘಟನೆಗಳೂ ತಮ್ಮ ಇಚ್ಛೆಯಿಂದಲೇ ಒಂದುಗೂಡಿ ಸುಸ್ಥಿರ ಅಭಿವೃದ್ಧಿಯ ಕಾರ್ಯಗಳನ್ನು ನಡೆಸಬಹುದೆಂಬ ತತ್ತ್ವವು ಅಲ್ಲಿ ಅಧಿಕೃತ ಮನ್ನಣೆಯನ್ನು ಪಡೆಯಿತು. ಇದನ್ನು ಹೊಸದೊಂದು ಆವಿಷ್ಕಾರವೆಂದೇ ಅನೇಕರು ಭಾವಿಸಿದರು. ಕರ್ನಾಟಕದ ಕೆರೆಗಳ ಇತಿಹಾಸವನ್ನು ಬಲ್ಲವರಿಗೆ ಇದು ಅಷ್ಟೊಂದು ಹೊಸತಾಗಿ ಕಾಣಲಾರದು. ಪ್ರಭುತ್ವವೂ ಖಾಸಗಿಯವರೂ ಒಪ್ಪಂದಕ್ಕೆ ಬಂದು ಕೆರೆಯನ್ನು ಕಟ್ಟಿ ಕಾಯುವ ಪದ್ಧತಿಯು ಈ ನಾಡಿನಲ್ಲಿ ಶತಮಾನಗಳಷ್ಟು ಹಳೆಯದು. ಆ ಹಳೆಯ ಪದ್ಧತಿಯನ್ನೂ ಜೋಹಾನ್ಸ್‌ಬರ್ಗಿನ ತತ್ತ್ವವನ್ನೂ ಬೆಂಗಳೂರಿನ ಇತ್ತೀಚಿನ ಪ್ರಯೋಗಗಳನ್ನೂ ಪಕ್ಕಪಕ್ಕದಲ್ಲಿರಿಸಿ, ಇಂಥ ಸಹಭಾಗಿತ್ವವು ಯಾವ ನಿಯಮಗಳಿಗೆ ಒಳಪಟ್ಟಾಗ ಬಾಳಿತು, ಯಾವಾಗ ಮುರಿಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಬಿತ್ತುವಟ್ಟ, ಕೊಡಿಗೆ, ದಶವಂದ

ಕರ್ನಾಟಕದ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವರಾಗಿ ಅರಸರು ಮಾತ್ರವೇ ಕಾಣಿಸಿಕೊಳ್ಳುವುದಿಲ್ಲ. ಸಾಮಂತರು, ದಂಡನಾಯಕರು, ಗಾವುಂಡರು, ಸೆಟ್ಟಿಗಳು, ಅಗ್ರಹಾರದ ಮಹಾಜನರು, ದೇವಾಲಯದ ಅಧಿಕಾರಿಗಳು, ಸ್ತ್ರೀಯರು ಹೀಗೆ ಹಲವು ವರ್ಗದವರು ಕೆರೆ ಕಟ್ಟಿಸಿದ, ಒಡೆದ ಏರಿಯನ್ನು ಸರಿಪಡಿಸಿದ, ತೂಬನ್ನಿಡಿಸಿದ ಉಲ್ಲೇಖಗಳು ದೊರೆಯುತ್ತವೆ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ೯ನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಂದಿನಿಂದ ಈ ಸೀಮೆಯ ಕೆರೆಗಳ ಚರಿತ್ರೆಗೂ ದೃಢವಾದ ಆಧಾರವು ದೊರೆತಂತಾಯಿತು.

ಇಲ್ಲಿ ಮೂರು ಪಾರಿಭಾಷಿಕ ಶಬ್ದಗಳನ್ನು ವಿವರಿಸುವುದು ಅವಶ್ಯಕ. ಮೊದಲನೆಯದು ಬಿತ್ತುವಟ್ಟ. ಕೆರೆಯ ಪಾಲನೆಗಾಗಿ ಅದರ ಕೆಳಗಿನ ಗದ್ದೆಯನ್ನೋ ಅಲ್ಲಿ ಬೆಳೆದ ಫಸಲಿನ ಒಂದು ಪಾಲನ್ನೋ ಬಿಟ್ಟುಕೊಡುವುದಕ್ಕೆ ಈ ಹೆಸರು. ಎರಡನೆಯದು ಕೊಡಿಗೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಸುಸ್ಥಿತಿಯಲ್ಲಿಡುವವನಿಗೂ ಕಂದಾಯವಿಲ್ಲದೆಯೋ ಅಲ್ಪ ಕಂದಾಯಕ್ಕೋ ಕೊಟ್ಟ ಭೂಮಿ ಇದು. ಕೆರೆಕೊಡಿಗೆ, ಕಟ್ಟುಕೊಡಿಗೆ ಎಂಬ ಹೆಸರುಗಳೂ ಬಳಕೆಯಲ್ಲಿದ್ದವು. ಮೂರನೆಯದು ದಶವಂದ. ಹೆಸರೇ ಸೂಚಿಸುವಂತೆ ಹತ್ತರಲ್ಲೊಂದು ಪಾಲೆಂಬುದು ಇದರ ಮೂಲಾರ್ಥ. ವಿಜಯನಗರದ ಕಾಲದಲ್ಲಿ ಕೆರೆ ಕಾಲುವೆಗಳನ್ನು ನಿರ್ಮಿಸಿದವರಿಗೆ ದೊರೆಯುತ್ತಿದ್ದ ಇಂಥ ವಿನಾಯಿತಿಯನ್ನು ಈ ಹೆಸರಿನಿಂದ ಕರೆಯುತ್ತಿದ್ದರು.

ಈ ಮೂರರಲ್ಲಿಯೂ ಒಂದು ಸಮಾನವಾದ ರಚನೆಯು ಗೋಚರಿಸುತ್ತದೆ. ಖಾಸಗಿಯವನು ತನ್ನ ಹಣವನ್ನೂ ಉಸ್ತುವಾರಿಯನ್ನೂ ಒದಗಿಸುತ್ತಾನೆ. ಪ್ರಭುತ್ವವು ತನಗೆ ಬರಬೇಕಾದ ಆದಾಯದಲ್ಲಿ ಒಂದು ಭಾಗವನ್ನು ಬಿಟ್ಟುಕೊಡುತ್ತದೆ. ಈ ಪ್ರತಿಫಲವು ಸಾಮಾನ್ಯವಾಗಿ ಆ ಕೆರೆಯ ಕೆಳಗಣ ನೆಲದಲ್ಲಿಯೇ ನಿಗದಿಯಾಗುತ್ತಿತ್ತೆಂಬುದು ಗಮನಾರ್ಹ. ಏರಿ ಒಡೆದರೆ, ಹೂಳು ತುಂಬಿದರೆ, ತೂಬು ಕೆಟ್ಟರೆ ಊರಿನ ಗದ್ದೆಗಳೊಡನೆ ಕೊಡಿಗೆಯ ಗದ್ದೆಯೂ ಒಣಗುತ್ತಿತ್ತು. ಕೊಟ್ಟ ಮಾತಿಗೆ ತಪ್ಪಿದವನನ್ನು ದಂಡಿಸುವುದಕ್ಕೆ ಬೇರೊಬ್ಬ ಅಧಿಕಾರಿಯು ಬರಬೇಕಾಗಿರಲಿಲ್ಲ. ಕರ್ತವ್ಯಲೋಪಕ್ಕೆ ದಂಡವು ಆ ವ್ಯವಸ್ಥೆಯಲ್ಲಿಯೇ ಅಡಗಿತ್ತು. ಇನ್ನೊಂದು ಕಡೆಯಿಂದ, ಪ್ರಭುತ್ವವು ತಾನು ಕೊಟ್ಟದ್ದನ್ನು ಕಸಿದುಕೊಳ್ಳದಂತೆ ತಡೆಯುವುದಕ್ಕೆ ದತ್ತಿಯನ್ನು ಕಲ್ಲಿನಲ್ಲಿ ಬರೆಯಿಸಿ ಎಲ್ಲರೂ ಕಾಣುವ ಎಡೆಯಲ್ಲಿ ನಿಲ್ಲಿಸುತ್ತಿದ್ದರು. ಅದನ್ನು ಅಪಹರಿಸಿದವನಿಗೆ ಒದಗುವ ಪಾಪವನ್ನು ಶಾಸನದ ಕೊನೆಯಲ್ಲಿ ಹೇಳುತ್ತಿದ್ದರು.

ಕೆರೆ ಕಟ್ಟಿಸುವವರ ಪ್ರೇರಣೆಯ ವಿಷಯದಲ್ಲಿಯೂ ನಮ್ಮ ಪೂರ್ವಿಕರಿಗೆ ಭ್ರಮೆಯಿರಲಿಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಸಂಗಮವಂಶದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವು ಇದಕ್ಕೆ ಉತ್ತಮ ನಿದರ್ಶನ. ೧೩೬೯ರ ಈ ಶಾಸನವು ಒಳ್ಳೆಯ ಕೆರೆಗೆ ೧೨ ಅಂಗಗಳನ್ನೂ ೬ ದೋಷಗಳನ್ನೂ ಎಣಿಸುತ್ತದೆ. ೧,೦೦೦ ಆಳುಗಳೂ ೧೦೦ ಬಂಡಿಗಳೂ ಎರಡು ವರ್ಷಗಳ ಕಾಲ ದುಡಿದು ಕೆಲಸವು ಮುಗಿಯಿತೆಂದು ತಿಳಿಸುತ್ತದೆ. ಕೀರ್ತಿಯನ್ನು ಬಯಸುವ ಧರ್ಮಿಷ್ಠನಾದ ಧನಿಕ ಪ್ರಭುವು ಮೊದಲನೆಯ ಅಂಗ. ಜಲಶಾಸ್ತ್ರವನ್ನು ಬಲ್ಲವನು ಎರಡನೆಯದು. ಹಣವುಳ್ಳವನಿಗೆ ಹೆಸರಿನ ಆಸೆಯಿರುವುದು ಸಹಜವೆಂದೂ ಅದನ್ನು ಲೋಕಹಿತಕ್ಕೆ ಬಳಸಿಕೊಳ್ಳಬಹುದೆಂದೂ, ಆದರೆ ಶಾಸ್ತ್ರಜ್ಞನಿಲ್ಲದಿದ್ದರೆ ಅದು ಸಾಲದೆಂದೂ ಈ ಕ್ರಮದಿಂದ ವಿದಿತವಾಗುತ್ತದೆ. ದೋಷಗಳ ಪಟ್ಟಿಯಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳು ನೆಲ ಮುಂತಾದವುಗಳೊಡನೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದಾಗಿ ಸೇರಿದೆ. ಈ ದೋಷದ ವಿಚಾರವು ಮುಂದೆ ಮತ್ತೆ ಬರಲಿದೆ.

ಇಷ್ಟಾದರೂ ಹಳೆಯ ಪದ್ಧತಿಯನ್ನು ನಿರ್ದೋಷವೆಂದು ಕೊಂಡಾಡುವುದು ಇತಿಹಾಸಕ್ಕೆ ಎಸಗುವ ಅಪಚಾರವಾದೀತು. ಕಲ್ಲಿನಲ್ಲಿ ಹೆಸರು ಉಳಿದದ್ದು ಹಣ ಕೊಟ್ಟವನದು. ಮಣ್ಣು ಹೊತ್ತವರ ಹೆಸರುಗಳು ಸಾಮಾನ್ಯವಾಗಿ ಉಳಿಯಲಿಲ್ಲ. ತೂಬನ್ನೆತ್ತಿ ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರುಗಂಟಿ, ಊರ ಚಾಕರಿಯ ತೋಟಿ ಮೊದಲಾದವರ ವೃತ್ತಿಯು ಜಾತಿ ಮತ್ತು ವಂಶಗಳಿಗೆ ಕಟ್ಟುಬಿದ್ದಿತ್ತು. ಬಿಟ್ಟಿ ದುಡಿಮೆಯೂ ಇತ್ತು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಗೌಡನ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ನಿರ್ಧಾರವನ್ನು ಕೈಗೊಂಡವರು ಮನೆಯ ಹಿರಿಯರು. ಬೆಲೆ ತೆತ್ತವಳು ಮಾತ್ರ ಆ ಹೆಣ್ಣುಮಗಳು. ಲೋಕಹಿತದ ಕಾರ್ಯವನ್ನು ಯಾರು ಸಂಕಲ್ಪಿಸುತ್ತಾರೆ, ಅದರ ಭಾರವು ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಜನಪದರು ಬಹು ಹಿಂದೆಯೇ ಎತ್ತಿದ್ದರು. ಸ್ವಯಂಪ್ರೇರಿತವೆಂದು ಕರೆಯಿಸಿಕೊಳ್ಳುವ ಯಾವ ವ್ಯವಸ್ಥೆಯನ್ನೇ ಆಗಲಿ ಪರೀಕ್ಷಿಸುವಾಗ ಈ ಪ್ರಶ್ನೆಯನ್ನು ಮರೆಯಲಾಗದು.

೩. ಮೈಸೂರು ಸಂಸ್ಥಾನದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಬಂಧವು ಬದಲಾಗತೊಡಗಿತು. ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ, ೧೮೫೬ರಲ್ಲಿ, ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಯು ಸ್ಥಾಪಿತವಾಯಿತು. ಮುಂದೆ ಮುಖ್ಯ ಎಂಜಿನಿಯರಾದ ಸ್ಯಾಂಕಿಯವರು ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ಸುಮಾರು ಶೇಕಡಾ ೬೦ರಷ್ಟು ಪ್ರದೇಶವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದನ್ನು ಕಂಡು ಬೆರಗಾದರು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹರಿದು, ಅದರ ಕೋಡಿ ಇನ್ನೊಂದಕ್ಕೆ ಹರಿದು, ಇಡೀ ಕಣಿವೆಯೇ ಒಂದು ಸರಪಳಿಯಾಗಿತ್ತು. ಇಂಥ ಸರಪಳಿಯಲ್ಲಿ ಮೇಲಿನ ಕೆರೆಯವರು ಎಸಗಿದ ತಪ್ಪಿನ ಫಲವನ್ನು ಕೆಳಗಿನ ಕೆರೆಯವರು ಉಣ್ಣಬೇಕಾಗುತ್ತದೆ.

ಕಲ್ಲುಗಾರೆಯ ಕೆಲಸಗಳನ್ನು ಇಲಾಖೆಯು ನಡೆಸುವುದು, ಏರಿಯ ಮೇಲಿನ ಮಣ್ಣಿನ ಕೆಲಸಗಳನ್ನು ಕೆರೆಯ ಕೆಳಗಿನ ರೈತರು ನಡೆಸುವುದು ಎಂಬ ವಿಭಾಗವು ಕ್ರಮೇಣ ನೆಲೆಗೊಂಡಿತು. ಆದರೆ ಕಂದಾಯವು ಸರ್ಕಾರಕ್ಕೆ, ಯಂತ್ರಜ್ಞಾನವು ಇಲಾಖೆಗೆ, ಮಣ್ಣು ಹೊರುವ ಹೊಣೆ ಮಾತ್ರ ರೈತನಿಗೆ ಎಂದಾದಾಗ ಆತನ ಉತ್ಸಾಹವು ಕುಂದಿದ್ದರೆ ಆಶ್ಚರ್ಯವಿಲ್ಲ. ಇದನ್ನು ಸರಿಪಡಿಸುವ ಉದ್ದೇಶದಿಂದ ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ಕೆರೆಯ ಬಳಕೆದಾರರನ್ನೇ ಕೂಡಿಸಿ ಪಾಲನೆಯ ಹೊಣೆಯನ್ನು ಅವರಿಗೆ ವಹಿಸುವ ಕಲ್ಪನೆಯು ಉಚಿತವಾಗಿಯೇ ಇತ್ತು. ಆದರೆ ಅದು ನಾಡಿನಲ್ಲೆಲ್ಲ ಬೇರೂರಲಿಲ್ಲ.

ಸ್ವಾತಂತ್ರ್ಯಾನಂತರ ೧೯೫೪ರ ಇನಾಮು ರದ್ದಿಯಾತಿ ಶಾಸನವೂ ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವೂ ಬಂದವು. ವಂಶಪಾರಂಪರ್ಯವಾದ ಹಕ್ಕು ಮತ್ತು ಚಾಕರಿಗಳನ್ನು ತೊಡೆದುಹಾಕಿದ ಈ ಶಾಸನಗಳು ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅವಶ್ಯಕವಾಗಿದ್ದವು. ಆದರೆ ನೀರುಗಂಟಿಯ ಬಂಧನವನ್ನು ಬಿಡಿಸಿದವರು ನೀರುಗಂಟಿಯ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಅಷ್ಟೇ ಖಚಿತವಾಗಿ ಗೊತ್ತುಪಡಿಸಲಿಲ್ಲ.

ಬೆಂಗಳೂರಿನಲ್ಲಿ ಈ ಬೇರ್ಪಡೆಗೆ ಇನ್ನೊಂದು ಕಾರಣವೂ ಇದ್ದಿತು. ೧೮೯೬ರಲ್ಲಿ ಹೆಸರಘಟ್ಟದಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, ೧೯೭೪ರಲ್ಲಿ ಕಾವೇರಿಯಿಂದ ಕೊಳವೆಗಳ ಮೂಲಕ ನಗರಕ್ಕೆ ನೀರು ಬಂದಿತು. ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆಯು ಜನರ ದೃಷ್ಟಿಯಲ್ಲಿ ಬರಿಯ ಖಾಲಿ ನಿವೇಶನವಾಯಿತು. ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವು ನಿಂತಿತು. ಉಳಿದ ಕೆರೆಗಳಿಗೆ ಮಳೆಯ ನೀರಿನ ಬದಲಾಗಿ ಕೊಳಚೆಯು ಹರಿಯತೊಡಗಿತು. ಉಲ್ಲಾಳವಿರುವ ಸೀಮೆಯ ನೀರನ್ನು ಹೊರುವ ವೃಷಭಾವತಿಯು ನದಿಯೆಂಬ ಹೆಸರನ್ನೇ ಕಳೆದುಕೊಂಡು ಜನರ ಬಾಯಲ್ಲಿ ಮೋರಿಯೆನಿಸಿಕೊಂಡಿತು. ಲಕ್ಷ್ಮಣರಾವ್ ಸಮಿತಿಯು ೧೯೮೬ರಲ್ಲಿ, ಇರುವ ಕೆರೆಗಳನ್ನು ಒಡೆಯದೆ ಉಳಿಸಿಕೊಳ್ಳಬೇಕು, ಅವುಗಳಿಗೆ ಕೊಳಚೆ ನೀರು ಸೇರದಂತೆ ನೋಡಿಕೊಳ್ಳಬೇಕು ಎಂಬ ಸಲಹೆಗಳನ್ನಿತ್ತಿತು. ಆ ಸಲಹೆಗಳನ್ನು ಕಾರ್ಯಗತಗೊಳಿಸುವುದಕ್ಕೆ ಬೇಕಾದ ಹಣವೂ ಹೊಣೆಗಾರಿಕೆಯೂ ಎಲ್ಲಿಂದ ಬರಬೇಕೆಂಬುದು ಪ್ರಶ್ನೆಯಾಗಿಯೇ ಉಳಿಯಿತು. ಉತ್ತರವೊಂದು ಹೊರಗಿನ ಜಗತ್ತಿನಿಂದ ಬರುವುದರಲ್ಲಿತ್ತು.

೪. ಜೋಹಾನ್ಸ್‌ಬರ್ಗಿನ ತತ್ತ್ವ

೧೯೯೨ರ ಜೂನ್ ತಿಂಗಳಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ನಡೆದ ಭೂಶೃಂಗಸಭೆಯು ‘ಅಜೆಂಡಾ ೨೧’ ಎಂಬ ಕಾರ್ಯಯೋಜನೆಯನ್ನು ಅಂಗೀಕರಿಸಿತು. ಸ್ಥಳೀಯ ಸಂಸ್ಥೆಗಳು, ಸರ್ಕಾರೇತರ ಸಂಘಟನೆಗಳು, ವ್ಯಾಪಾರ ಮತ್ತು ಕೈಗಾರಿಕೆಗಳು ವಹಿಸಬೇಕಾದ ಪಾತ್ರಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳಿದ್ದವು. ಹತ್ತು ವರ್ಷಗಳು ಕಳೆದರೂ ಕಾರ್ಯವು ನಿರೀಕ್ಷಿಸಿದಷ್ಟು ಮುಂದುವರಿಯಲಿಲ್ಲ. ೨೦೦೨ರ ಆಗಸ್ಟ್ ೨೬ರಿಂದ ಸೆಪ್ಟೆಂಬರ್ ೪ರವರೆಗೆ ಜೋಹಾನ್ಸ್‌ಬರ್ಗಿನಲ್ಲಿ ಸುಸ್ಥಿರ ಅಭಿವೃದ್ಧಿಯ ವಿಶ್ವಶೃಂಗಸಭೆಯು ಸೇರಿದಾಗ ಫಲಿತಾಂಶಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಯಿತು. ಸರ್ಕಾರಗಳು ಸಂಧಾನ ನಡೆಸಿ ಒಪ್ಪಿಕೊಂಡ ಘೋಷಣೆಯೂ ಕಾರ್ಯಾನುಷ್ಠಾನದ ಯೋಜನೆಯೂ ಮೊದಲನೆಯ ಬಗೆ. ಸರ್ಕಾರಗಳು, ಉದ್ಯಮಗಳು, ಜನಸಂಘಟನೆಗಳು, ಅಂತರರಾಷ್ಟ್ರೀಯ ಸಂಸ್ಥೆಗಳು ಇಚ್ಛಾನುಸಾರ ಕೂಡಿ ಪ್ರಕಟಿಸಿದ ಸಹಭಾಗಿತ್ವಗಳು ಎರಡನೆಯ ಬಗೆ. ಆ ಸಭೆಯ ಸಂದರ್ಭದಲ್ಲಿಯೇ ಇಂಥ ೨೦೦ಕ್ಕೂ ಹೆಚ್ಚು ಸಹಭಾಗಿತ್ವಗಳು ಪ್ರಕಟವಾದವು.

ಇವುಗಳಿಗೆ ಮಾರ್ಗದರ್ಶಕ ತತ್ತ್ವಗಳನ್ನು ಅದೇ ವರ್ಷ ಬಾಲಿಯಲ್ಲಿ ನಡೆದ ಪೂರ್ವಸಿದ್ಧತಾ ಸಭೆಯಲ್ಲಿ ಯಾನ್ ಕಾರಾ ಮತ್ತು ಡಯಾನ್ ಕ್ವಾರ್ಲೆಸ್ ಎಂಬ ಉಪಾಧ್ಯಕ್ಷರು ಸಿದ್ಧಪಡಿಸಿದ್ದರು. ಸಹಭಾಗಿತ್ವವು ಸ್ವಯಂಪ್ರೇರಿತವಾಗಿರಬೇಕು, ಅದು ಸರ್ಕಾರಗಳ ಹೊಣೆಗೆ ಪೂರಕವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು, ಪಾರದರ್ಶಕತೆಯೂ ಉತ್ತರದಾಯಿತ್ವವೂ ಇರಬೇಕು ಎಂಬುವು ಅವುಗಳ ಸಾರ. ೨೦೦೩ರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಆಯೋಗವು ಈ ಮಾನದಂಡಗಳನ್ನು ಇನ್ನಷ್ಟು ವಿಶದಪಡಿಸಿತು. ಕಾಲಕ್ರಮದಲ್ಲಿ ಆಯೋಗದಲ್ಲಿ ನೋಂದಣಿಯಾದ ಸಹಭಾಗಿತ್ವಗಳ ಸಂಖ್ಯೆಯು ೩೦೦ನ್ನು ಮೀರಿತು.

ಸಂಶಯಪಟ್ಟವರೂ ಇದ್ದರು. ಬದ್ಧತೆಯುಳ್ಳ ಒಪ್ಪಂದಗಳಿಂದ ನುಣುಚಿಕೊಳ್ಳುವುದಕ್ಕೆ ಸರ್ಕಾರಗಳಿಗೆ ಇದೊಂದು ನೆಪವಾಗುವುದೆಂದು ಹಲವು ಜನಸಂಘಟನೆಗಳು ಎಚ್ಚರಿಸಿದವು. ಹತ್ತು ವರ್ಷಗಳ ಅನುಭವದ ನಂತರ ೨೦೧೨ರಲ್ಲಿ ಪ್ಯಾಟ್‌ಬರ್ಗ್ ಮೊದಲಾದ ವಿದ್ವಾಂಸರು ಪ್ರಕಟಿಸಿದ ಅಧ್ಯಯನವು ಈ ಎಚ್ಚರಿಕೆಯು ನಿರಾಧಾರವಾದುದಲ್ಲವೆಂದು ತೋರಿಸಿತು. ನೋಂದಣಿಯಾದವುಗಳಲ್ಲಿ ಅನೇಕವು ತಾವು ಘೋಷಿಸಿದ ಗುರಿಗೆ ತಕ್ಕ ಕಾರ್ಯವನ್ನು ಮಾಡಿರಲಿಲ್ಲ. ಮುಂದಾಳುತನವು ಹೆಚ್ಚಾಗಿ ಶ್ರೀಮಂತ ರಾಷ್ಟ್ರಗಳ ಮತ್ತು ದೊಡ್ಡ ಸಂಸ್ಥೆಗಳ ಕೈಯಲ್ಲಿತ್ತು. ಆದರೂ ಆ ತತ್ತ್ವವು ಹಿಂದೆ ಸರಿಯಲಿಲ್ಲ. ೨೦೧೨ರಲ್ಲಿ ರಿಯೊದಲ್ಲಿ ಮತ್ತೆ ಸೇರಿದ ಸಭೆಯಲ್ಲಿ ೭೦೦ಕ್ಕೂ ಹೆಚ್ಚು ಸ್ವಯಂಪ್ರೇರಿತ ವಾಗ್ದಾನಗಳು ದಾಖಲಾದವು. ೨೦೧೫ರ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ೧೭ನೆಯ ಗುರಿಯು ಸಹಭಾಗಿತ್ವಕ್ಕೇ ಮೀಸಲಾಯಿತು.

ಕಟ್ಟುಕೊಡಿಗೆಯೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಪ್ರವೇಶವು ಸ್ವಯಂಪ್ರೇರಿತ. ಕಟ್ಟುಕೊಡಿಗೆಯಲ್ಲಿ ಒಳಹೊಕ್ಕ ಮೇಲೆ ಕರ್ತವ್ಯವು ಐಚ್ಛಿಕವಾಗಿ ಉಳಿಯುತ್ತಿರಲಿಲ್ಲ. ಜೋಹಾನ್ಸ್‌ಬರ್ಗಿನ ಸಹಭಾಗಿತ್ವದಲ್ಲಿ ಪ್ರವೇಶವೂ ಐಚ್ಛಿಕ, ನಿರ್ವಹಣೆಯೂ ಐಚ್ಛಿಕ; ಮಾತಿಗೆ ತಪ್ಪಿದವನು ಕಳೆದುಕೊಳ್ಳುವುದು ಏನೂ ಇರಲಿಲ್ಲ.

೫. ಗುತ್ತಿಗೆಗೆ ಹೋದ ಕೆರೆಗಳು

ಜೋಹಾನ್ಸ್‌ಬರ್ಗಿನ ಸಭೆಯು ಸೇರುವುದಕ್ಕೆ ಸ್ವಲ್ಪವೇ ಮುಂಚೆ, ೨೦೦೨ರ ಜುಲೈನಲ್ಲಿ, ಕರ್ನಾಟಕ ಸರ್ಕಾರವು ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ಒಂದು ಸಂಘದ ರೂಪದಲ್ಲಿ ಸ್ಥಾಪಿಸಿತು. ಒಂದು ಇನ್ನೊಂದರ ಫಲವೆಂದು ಹೇಳುವುದಕ್ಕಿಂತ, ಕಾಲದ ವಾತಾವರಣವು ಎರಡು ಕಡೆಗಳಲ್ಲಿಯೂ ಒಂದೇ ಆಗಿತ್ತೆನ್ನುವುದು ಉಚಿತ. ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಉದ್ಯಮಿಗಳನ್ನೂ ನಾಗರಿಕರನ್ನೂ ನಗರಾಡಳಿತದೊಡನೆ ಕೂಡಿಸುವ ‘ಬೆಂಗಳೂರು ಅಜೆಂಡಾ ಕಾರ್ಯಪಡೆ’ಯು ೧೯೯೯ರಿಂದಲೂ ಕಾರ್ಯನಿರತವಾಗಿತ್ತು. ಗ್ರಾಮಾಂತರದ ಕೆರೆಗಳಿಗಾಗಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೂ ೨೦೦೨ರಲ್ಲಿಯೇ ಮಂಜೂರಾಯಿತು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳು ರಚಿತವಾಗಿ, ಸದಸ್ಯರು ವೆಚ್ಚದ ಒಂದು ಪಾಲನ್ನು ಹಣದಲ್ಲಿಯೋ ದುಡಿಮೆಯಲ್ಲಿಯೋ ಸಲ್ಲಿಸುವ ಏರ್ಪಾಡಾಯಿತು. ಹಳ್ಳಿಯಲ್ಲಿ ಸಹಭಾಗಿಯೆಂದರೆ ಕೆರೆಯ ಬಳಕೆದಾರನಾಗಿದ್ದನು. ನಗರದಲ್ಲಿ ಆ ಸ್ಥಾನಕ್ಕೆ ಬಂಡವಾಳಗಾರನು ಬಂದನು.

೨೦೦೪ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಪ್ರಾಧಿಕಾರವು ನಾಗವಾರ, ಹೆಬ್ಬಾಳ, ವೆಂಗಯ್ಯನಕೆರೆ, ಅಗರ ಎಂಬ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ದೀರ್ಘಾವಧಿಯ ಗುತ್ತಿಗೆಗೆ ವಹಿಸುವ ಒಪ್ಪಂದಗಳನ್ನು ಮಾಡಿಕೊಂಡಿತು. ನಾಗವಾರದ ಕೆರೆಯಲ್ಲಿ ದೋಣಿವಿಹಾರವೂ ಮನೋರಂಜನೆಯ ಉದ್ಯಾನವೂ ತಲೆಯೆತ್ತಿದವು. ಹೆಬ್ಬಾಳದ ಕೆರೆಯ ಗುತ್ತಿಗೆಯು ಹೋಟೆಲು ಉದ್ಯಮದ ಸಂಸ್ಥೆಯೊಂದಕ್ಕೆ ಸಂದಿತು. ಸರ್ಕಾರದ ಪಕ್ಷದ ವಾದದಲ್ಲಿ ತಿರುಳಿಲ್ಲದೆ ಇರಲಿಲ್ಲ. ಹೂಳೆತ್ತುವುದಕ್ಕೂ ಕೊಳಚೆಯನ್ನು ಶುದ್ಧೀಕರಿಸುವುದಕ್ಕೂ ಹಣ ಬೇಕು, ಬೊಕ್ಕಸದಲ್ಲಿ ಹಣವಿಲ್ಲ, ಖಾಸಗಿಯವರು ಹಣ ತೊಡಗಿಸಿ ಕೆರೆಯನ್ನು ಉಳಿಸಿ, ಪ್ರವೇಶಶುಲ್ಕ ಮೊದಲಾದವುಗಳಿಂದ ಅದನ್ನು ಮರಳಿ ಪಡೆಯಲಿ ಎಂಬುದೇ ಆ ವಾದ.

ಆದರೆ ಇಲ್ಲಿ ಪ್ರತಿಫಲದ ಸ್ವರೂಪವೇ ಬದಲಾದದ್ದನ್ನು ಕಾಣಬೇಕು. ಕೊಡಿಗೆದಾರನ ಪ್ರತಿಫಲವು ಕೆರೆಯು ತನ್ನ ಸ್ವಾಭಾವಿಕ ಕಾರ್ಯವನ್ನು ಸರಿಯಾಗಿ ಮಾಡಿದಾಗ ಮಾತ್ರ ಕೈಗೂಡುತ್ತಿತ್ತು. ಗುತ್ತಿಗೆದಾರನ ಪ್ರತಿಫಲವು ಬಂದುಹೋಗುವ ವಿಹಾರಿಗಳ ಸಂಖ್ಯೆಯನ್ನು ಅವಲಂಬಿಸಿತ್ತು. ವಿಹಾರಿಗಳಿಗೆ ವರ್ಷವಿಡೀ ತುಂಬಿದ ನೀರು ಬೇಕು. ಬೇಸಿಗೆಯಲ್ಲಿ ತಗ್ಗಿ ಅಂಚಿನಲ್ಲಿ ಹುಲ್ಲು ಬೆಳೆಯುವ, ಹಕ್ಕಿಗಳು ಗೂಡುಕಟ್ಟುವ ಕೆರೆಯು ಅವರಿಗೆ ಬೇಡ. ಬೇಲಿಯೂ ಟಿಕೆಟ್ಟೂ ಬಂದಮೇಲೆ ದನ ಮೇಯಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಮೊದಲಾಗಿ ಕೆರೆಯ ಅಂಚನ್ನೇ ನಂಬಿದ್ದವರಿಗೆ ಅಲ್ಲಿ ಎಡೆಯಿಲ್ಲದಾಗುತ್ತದೆ. ಈ ಒಪ್ಪಂದದಲ್ಲಿ ಅವರು ಪಕ್ಷಗಾರರಾಗಿರಲಿಲ್ಲ. ಆದರೂ ಅದರ ಭಾರವು ಅವರ ಮೇಲೆ ಬೀಳುವಂತಿತ್ತು.

೨೦೦೮ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿ ಈ ಗುತ್ತಿಗೆಗಳನ್ನು ಪ್ರಶ್ನಿಸಿತು. ಆ ವೇಳೆಗೆ ದೇಶದ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಭೂಮಿಕೆಯು ಸಿದ್ಧವಾಗಿತ್ತು. ನದಿ, ಅರಣ್ಯ, ಜಲಾಶಯಗಳಂಥ ನೈಸರ್ಗಿಕ ಸಂಪತ್ತಿಗೆ ಸರ್ಕಾರವು ಒಡೆಯನಲ್ಲ, ಪ್ರಜೆಗಳ ಪರವಾದ ಧರ್ಮದರ್ಶಿ ಮಾತ್ರ ಎಂಬ ಸಾರ್ವಜನಿಕ ನ್ಯಾಸದ ಸಿದ್ಧಾಂತವನ್ನು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಅಂಗೀಕರಿಸಿತ್ತು. ೨೦೦೬ರಲ್ಲಿ ತಿರುಪತಿಯ ಕೆರೆಗಳ ಪ್ರಕರಣದಲ್ಲಿಯೂ ಅದನ್ನು ಪ್ರತಿಪಾದಿಸಿತ್ತು. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿಯು ಬೆಂಗಳೂರಿನ ಕೆರೆಗಳ ಸ್ಥಿತಿಯನ್ನು ಪರಿಶೀಲಿಸಿ ೨೦೧೧ರಲ್ಲಿ ವರದಿಯನ್ನು ಒಪ್ಪಿಸಿತು. ೨೦೧೨ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಸಮಿತಿಯ ಶಿಫಾರಸುಗಳನ್ನು ಆಧರಿಸಿ, ಕೆರೆಗಳ ರಕ್ಷಣೆಗಾಗಿ ಸಮಿತಿಗಳನ್ನು ರಚಿಸುವಂತೆ ಆದೇಶಿಸಿತು. ಗುತ್ತಿಗೆಯ ನೀತಿಯು ಅಲ್ಲಿಗೆ ತನ್ನ ಓಟವನ್ನು ನಿಲ್ಲಿಸಿತೆನ್ನಬಹುದು.

೬. ನೆರೆಹೊರೆಯವರ ಒಡಂಬಡಿಕೆ

ಇದೇ ಅವಧಿಯಲ್ಲಿ ಮತ್ತೊಂದು ಬಗೆಯ ಸಹಭಾಗಿತ್ವವು ರೂಪುಗೊಂಡಿತು. ಜೆ. ಪಿ. ನಗರದ ಪುಟ್ಟೇನಹಳ್ಳಿಯ ಕೆರೆಯ ಸುತ್ತಣ ನಿವಾಸಿಗಳು ೨೦೧೦ರಲ್ಲಿ ಒಂದು ಟ್ರಸ್ಟನ್ನು ಕಟ್ಟಿಕೊಂಡು, ೨೦೧೧ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಕೆರೆಯ ಪಾಲನೆಗಾಗಿ ಒಡಂಬಡಿಕೆಯನ್ನು ಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ಕೆರೆಯಲ್ಲಿಯೂ ನಿವಾಸಿಗಳು, ಪರಿಸರ ವಿಜ್ಞಾನಿಗಳು ಮತ್ತು ಪಾಲಿಕೆಯ ಎಂಜಿನಿಯರರು ಕೂಡಿ ಕೆರೆಯನ್ನು ಪುನರುಜ್ಜೀವನಗೊಳಿಸಿದರು. ಕಾಮಗಾರಿಯ ವೆಚ್ಚವು ಪಾಲಿಕೆಯದು. ದಿನದಿನದ ಎಚ್ಚರವೂ ಗಿಡಮರಗಳ ಆರೈಕೆಯೂ ನಿವಾಸಿಗಳದು. ೨೦೧೩ರ ಕಂಪನಿ ಶಾಸನದ ೧೩೫ನೆಯ ಪ್ರಕರಣವು ನಿರ್ದಿಷ್ಟ ಮಟ್ಟಕ್ಕೆ ಮೀರಿದ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇಕಡಾ ೨ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚಮಾಡಬೇಕೆಂದು ವಿಧಿಸಿದ ಮೇಲೆ ಆ ಹಣದಲ್ಲಿ ಒಂದಂಶವು ಕೆರೆಗಳತ್ತಲೂ ಹರಿಯಿತು.

ಈ ನಿವಾಸಿಗಳಿಗೆ ಗದ್ದೆಯಿಲ್ಲ, ದಶವಂದವಿಲ್ಲ. ಆದರೂ ಕೆರೆಯು ಕೆಟ್ಟರೆ ದುರ್ವಾಸನೆಯೂ ಸೊಳ್ಳೆಯೂ ಮೊದಲು ಬಾಧಿಸುವುದು ಅವರನ್ನೇ. ಚೆನ್ನಾಗಿದ್ದರೆ ತಂಪುಗಾಳಿಯೂ ಅಂತರ್ಜಲವೂ ದೊರೆಯುವುದು ಅವರಿಗೇ. ಈ ಅರ್ಥದಲ್ಲಿ ಅವರು ಗುತ್ತಿಗೆದಾರರಿಗಿಂತ ಹಳೆಯ ಕೊಡಿಗೆದಾರರಿಗೆ ಹೆಚ್ಚು ಸಮೀಪದವರು. ಕೊರತೆಯಿರುವುದು ಅಧಿಕಾರದಲ್ಲಿ. ಕೆರೆಗೆ ಹರಿದುಬರುವ ರಾಜಕಾಲುವೆಯು ಒಂದು ಇಲಾಖೆಯದು, ಅದರಲ್ಲಿ ಸೇರುವ ಕೊಳಚೆಯು ಇನ್ನೊಂದು ಮಂಡಳಿಯದು, ಒತ್ತುವರಿಯ ಅಳತೆಯು ಮತ್ತೊಂದರದು. ಬೆಳಗಿನಲ್ಲಿ ಕಸವನ್ನು ತೆಗೆದವರು ಸಂಜೆಯ ಕೊಳಚೆಯನ್ನು ತಡೆಯಲಾರರು. ಇದರೊಡನೆ, ಅನುಕೂಲಸ್ಥರ ಬಡಾವಣೆಗಳಲ್ಲಿ ಇಂಥ ಟ್ರಸ್ಟುಗಳು ಸುಲಭವಾಗಿ ಹುಟ್ಟುತ್ತವೆಂಬುದನ್ನೂ, ಬಿಡುವಿಲ್ಲದೆ ದುಡಿಯುವ ಜನರಿರುವ ಕಡೆಗಳಲ್ಲಿ ಹುಟ್ಟುವುದು ಕಷ್ಟವೆಂಬುದನ್ನೂ ಒಪ್ಪಿಕೊಳ್ಳಬೇಕು.

೨೦೨೦ರ ಮಾರ್ಚ್ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಕೆರೆಗಳ ವಿಷಯದಲ್ಲಿ ಕಾರ್ಪೊರೇಟ್ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದಕ್ಕೆ ತಡೆಯೊಡ್ಡಿತು. ಕೆರೆಯ ರಕ್ಷಣೆಯು ಸರ್ಕಾರದ ಕರ್ತವ್ಯವೆಂಬ ನಿಲುವಿಗೆ ಇದು ಅನುಗುಣವಾಗಿತ್ತು. ಆದರೆ ಇದರ ಪರಿಣಾಮವಾಗಿ ನಿವಾಸಿಗಳ ಟ್ರಸ್ಟುಗಳ ಒಡಂಬಡಿಕೆಗಳನ್ನು ನವೀಕರಿಸುವುದೂ ತೊಡಕಿಗೆ ಸಿಕ್ಕಿತು. ಲಾಭಕ್ಕಾಗಿ ಬಂದವನಿಗೂ ನೆರೆಯವನಿಗೂ ಇರುವ ಅಂತರವನ್ನು ನಮ್ಮ ಆಡಳಿತದ ಭಾಷೆಯು ಇನ್ನೂ ಸ್ಪಷ್ಟವಾಗಿ ಗುರುತಿಸಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಸರ್ಕಾರದ ಪಕ್ಷದಲ್ಲಿಯಾದರೂ ಸಹಭಾಗಿಯು ಸ್ಥಿರವಾಗಿದ್ದನೇ ಎಂದರೆ ಅದೂ ಇಲ್ಲ. ೨೦೦೨ರ ಪ್ರಾಧಿಕಾರವು ವಿಸರ್ಜನೆಗೊಂಡಿತು. ೨೦೧೪ರ ಶಾಸನವು ಬೇರೊಂದು ಪ್ರಾಧಿಕಾರವನ್ನು ಕಲ್ಪಿಸಿತು. ಕೆರೆಗಳು ಅರಣ್ಯ ಇಲಾಖೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಪಾಲಿಕೆಗಳ ನಡುವೆ ಕೈಬದಲಾಯಿಸುತ್ತ ಬಂದವು. ೨೦೨೫ರಲ್ಲಿ ಆ ಪಾಲಿಕೆಯೇ ಇಲ್ಲವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಎರಡು ರಾಜ್ಯಗಳ ಗಡಿಯಲ್ಲಿರುವುದು ಕೆರೆಗೆ ದೋಷವೆಂದು ಪೋರುಮಾಮಿಳ್ಳದ ಶಾಸನವು ಹೇಳಿತ್ತು. ಬೆಂಗಳೂರಿನ ಕೆರೆಯು ಒಂದೇ ರಾಜ್ಯದಲ್ಲಿದ್ದೂ ಅನೇಕ ಇಲಾಖೆಗಳ ಗಡಿಯಲ್ಲಿ ನಿಂತು ಆ ದೋಷಕ್ಕೆ ಗುರಿಯಾಗಿದೆ.

೭. ಉಪಸಂಹಾರ

ಮೇಲ್ಕಂಡ ಪರಿಶೀಲನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಸಹಭಾಗಿತ್ವಕ್ಕೆ ಪ್ರವೇಶವು ಐಚ್ಛಿಕವಾಗಿರಬಹುದು, ಪಾಲನೆಯು ಐಚ್ಛಿಕವಾಗಿರಕೂಡದು. ಕಟ್ಟುಕೊಡಿಗೆಯು ತಲೆಮಾರುಗಳವರೆಗೆ ನಡೆದುಬಂದುದಕ್ಕೂ ಜೋಹಾನ್ಸ್‌ಬರ್ಗಿನ ಅನೇಕ ಸಹಭಾಗಿತ್ವಗಳು ಕಾಗದದಲ್ಲಿಯೇ ಉಳಿದುದಕ್ಕೂ ಕಾರಣವು ಇಲ್ಲಿದೆ. ಎರಡನೆಯದಾಗಿ, ಪ್ರತಿಫಲವು ರಕ್ಷಿಸಬೇಕಾದ ವಸ್ತುವಿನ ಆರೋಗ್ಯದಿಂದಲೇ ಹುಟ್ಟಬೇಕು. ಕೆರೆಯ ಹೆಸರಿನಲ್ಲಿ ಬೇರೊಂದು ಉದ್ಯಮವು ಲಾಭವನ್ನು ಗಳಿಸುವಂತಾದರೆ ಕೆರೆಯು ಆ ಉದ್ಯಮಕ್ಕೆ ಅಲಂಕಾರವಾಗುತ್ತದೆ. ಮೂರನೆಯದಾಗಿ, ಒಪ್ಪಂದಕ್ಕೆ ಸಹಿ ಹಾಕದೆ ಇದ್ದೂ ಅದರ ಭಾರವನ್ನು ಹೊರುವವರು ಯಾರೆಂಬುದನ್ನು ಮೊದಲೇ ವಿಚಾರಿಸಬೇಕು. ಹಳೆಯ ಪದ್ಧತಿಯು ಸೋತದ್ದು ಇಲ್ಲಿಯೇ, ಹೊಸ ಪದ್ಧತಿಯೂ ಇಲ್ಲಿಯೇ ಎಡವಿದೆ.

ಹಳೆಯ ಕೊಡಿಗೆಯನ್ನು ಅದೇ ರೂಪದಲ್ಲಿ ಮರಳಿ ತರುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಆದರೆ ಅದರ ಹಿಂದಿನ ವಿವೇಕವನ್ನು ಇಂದಿನ ಪರಿಸ್ಥಿತಿಗೆ ಹೊಂದಿಸಿಕೊಳ್ಳಬಹುದು. ಒಡಂಬಡಿಕೆಯ ಷರತ್ತುಗಳನ್ನೂ, ನೀರಿನ ಗುಣವನ್ನು ಕಾಲಕಾಲಕ್ಕೆ ಪರೀಕ್ಷಿಸಿದ ಫಲಿತಾಂಶಗಳನ್ನೂ ಕೆರೆಯ ಏರಿಯ ಮೇಲೆಯೇ ಕನ್ನಡದಲ್ಲಿ ಬರೆಯಿಸಿ ನಿಲ್ಲಿಸಬಹುದು. ಶಾಸನದ ಕಲ್ಲು ಮಾಡುತ್ತಿದ್ದ ಕೆಲಸವು ಅದೇ ಆಗಿತ್ತು. ನಿವಾಸಿಗಳ ಸಂಘಕ್ಕೆ ಕೊಳಚೆಯ ಹೊಣೆಹೊತ್ತ ಮಂಡಳಿಯಿಂದ ನಿಶ್ಚಿತ ಅವಧಿಯೊಳಗೆ ಉತ್ತರವನ್ನು ಪಡೆಯುವ ಹಕ್ಕನ್ನು ಕೊಡಬಹುದು. ಕೆರೆಯ ಅಂಚನ್ನು ನಂಬಿದವರಿಗೆ ಸಂಘದಲ್ಲಿಯೇ ಸ್ಥಾನವನ್ನು ಕಾಯ್ದಿರಿಸಬಹುದು. ಇವು ಯಾವುವೂ ಹೆಚ್ಚಿನ ವೆಚ್ಚದ ಕಾರ್ಯಗಳಲ್ಲ.

ಉಲ್ಲಾಳದಂಥ ಊರಿನಲ್ಲಿ ಇಂದು ಕೆರೆಯ ಸುತ್ತ ಇರುವವರಲ್ಲಿ ಬಹುಮಂದಿ ನಾಡಿನ ಬೇರೆಬೇರೆ ಕಡೆಗಳಿಂದ ಬಂದು ನೆಲಸಿದವರು. ಕೆರೆಯ ಹಳೆಯ ಕಟ್ಟುಪಾಡುಗಳು ಅವರಿಗೆ ತಿಳಿದಿರಲಾರವು. ಆದರೆ ಆ ಕಟ್ಟುಪಾಡುಗಳನ್ನು ಮಾಡಿದವರಿಗಿದ್ದ ಕಾರಣವು ಇವರಿಗೂ ಇದೆ: ಮೇಲಿನ ಕೆರೆಯ ಕೋಡಿ ಹರಿದರೆ ಮಳೆಗಾಲದಲ್ಲಿ ನೀರು ನುಗ್ಗುವುದು ಇವರ ಬೀದಿಗೆ, ಕೆರೆ ಬತ್ತಿದರೆ ಬೇಸಿಗೆಯಲ್ಲಿ ಒಣಗುವುದು ಇವರ ಕೊಳವೆಬಾವಿ. ಸಹಭಾಗಿತ್ವವನ್ನು ಕಟ್ಟಬೇಕಾದದ್ದು ಈ ಸಮಾನ ಹಿತದ ಮೇಲೆ. ಅದನ್ನು ಲಿಖಿತವಾದ, ಪ್ರಶ್ನಿಸಬಹುದಾದ ಕರ್ತವ್ಯವನ್ನಾಗಿ ಪರಿವರ್ತಿಸುವುದು ಸರ್ಕಾರದ ಹೊಣೆ.